ಉಣ್ಣದೆ ಬದುಕಿದರೇ? ಲೆಕ್ಕ ತೋರಿಸಿ!



ಎಪ್ಪತ್ತು ವರ್ಷ ಅನ್ನನೀರಿಲ್ಲದೆ ಬದುಕಿದೆನೆಂದ ಅಂಬಾಜಿಯ ಪ್ರಹ್ಲಾದ ಜಾನಿ 2020ರಲ್ಲಿ ತೀರಿಕೊಂಡರು. ಕಥೆ ಮಾತ್ರ ಪಾಂಡೇಸರಾದ ನಮ್ಮ ಕೋಣೆಗಳಲ್ಲಿ ಇನ್ನೂ ಬದುಕಿದೆ. "ಡಾಕ್ಟರರೇ ಪರೀಕ್ಷಿಸಿದ್ದಾರಲ್ಲ!" ಎನ್ನುತ್ತಾರೆ.

ಎಂಥ ಪರೀಕ್ಷೆ? 2010ರಲ್ಲಿ ಅಹಮದಾಬಾದಿನ ಆಸ್ಪತ್ರೆಯಲ್ಲಿ 15 ದಿನ ಕ್ಯಾಮೆರಾ ಇಟ್ಟು ಕಾದರು. ಆದರೆ ಬಾಯಿ ಮುಕ್ಕಳಿಸಲು, ಸ್ನಾನಕ್ಕೆ ನೀರು ಕೊಟ್ಟರು. ಬಿಸಿಲು ಕಾಯಲು, ಭಕ್ತರನ್ನು ಕಾಣಲು ಅವರು ಕ್ಯಾಮೆರಾದಿಂದ ಮರೆಯಾಗುತ್ತಿದ್ದರೆಂದು ವಿಚಾರವಾದಿ ಸನಲ್ ಎಡಮರುಕು ಆಕ್ಷೇಪಿಸಿದರು. ತಮ್ಮವರನ್ನು ಒಳಬಿಡಲಿಲ್ಲವೆಂದೂ ದೂರಿದರು. ಹೋಟೆಲಿನ ಸಕ್ಕರೆ ಡಬ್ಬಿಗೆ ಬೀಗ, ಮಿಲ್ಲಿನ ಗೇಟಿನಲ್ಲಿ ನಮ್ಮ ಜೇಬಿನ ತಪಾಸಣೆ! ವೈದ್ಯಶಾಸ್ತ್ರವನ್ನೇ ಬುಡಮೇಲು ಮಾಡುವ ಮಾತಿಗೆ ಅಷ್ಟು ಬಿಗಿಯೂ ಬೇಡವೇ?

ದಾರಿಯನ್ನು ನಮ್ಮವರೇ ತೋರಿಸಿದ್ದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ರಚಿಸಿ, ಕಟ್ಟುಪಾಡಿನೊಳಗೆ ಪವಾಡ ಮಾಡಿ ತೋರಿಸಿರೆಂದು ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ.

ನಮಗೇಕೆ ಈ ಗೊಡವೆ ಎನ್ನಬೇಡಿ. ಉಣ್ಣದ ವಿದ್ಯೆ ಸೈನಿಕರಿಗೆ ಉಪಯೋಗವಾದೀತೆಂದು ಆಗ ಹೇಳಿದವರಿದ್ದಾರೆ. ನಾಳೆ ಕೂಲಿ ಹೆಚ್ಚಿಸಿರೆಂದು ಕೇಳುವವನಿಗೂ ಅದನ್ನೇ ಬೋಧಿಸಿಯಾರು! ಷರತ್ತು ಮೊದಲೇ ಬರೆದಿಡಲಿ, ಒಳಹೋಗುವ ನೀರೆಲ್ಲ ಅಳೆಯಲಿ, ನಂಬದವರನ್ನೂ ಕಾವಲಿಗೆ ಕೂರಿಸಲಿ. ಅಲ್ಲಿಯವರೆಗೆ ನಾವು ಒಪ್ಪುವುದಿಲ್ಲ.