ಕಾಣದ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ?

ಕೆಲವರ ಕೆಲಸ ಚೆನ್ನಾಗಿ ನಡೆದರೆ ಹೊರಗೆ ಏನೂ ಕಾಣುವುದಿಲ್ಲ. ಅಂಥವರ ಸಾಮರ್ಥ್ಯವನ್ನು ಅಳೆಯುವುದು ಯಾವುದರಿಂದ? ಅಮೆರಿಕನ್ ಫುಟ್‌ಬಾಲಿನಲ್ಲಿ ಸೇಫ್ಟಿ ಎಂದು ಕರೆಯುವ ಆಟಗಾರನ ಆಯ್ಕೆಯಲ್ಲಿ ಈ ಪ್ರಶ್ನೆ ವರ್ಷವರ್ಷವೂ ಎದುರಾಗುತ್ತದೆ. ಏಪ್ರಿಲ್ ಕೊನೆಗೆ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳು ಕಾಲೇಜು ಆಟ ಮುಗಿಸಿದ ಹುಡುಗರನ್ನು ಸರದಿಯ ಪ್ರಕಾರ ಹೆಕ್ಕಿಕೊಳ್ಳುತ್ತವೆ. 1936ರಿಂದ ನಡೆದುಬಂದಿರುವ ಈ ಡ್ರಾಫ್ಟ್‌ನಲ್ಲಿ ಈಗ ಏಳು ಸುತ್ತು. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ತಂಡಗಳ ಪರವಾಗಿ ಪ್ರತಿಭೆ ಹುಡುಕುವ ಸ್ಕೌಟ್‌ಗಳು ಹುಡುಗರ ಎತ್ತರ, ತೂಕ, ಓಟ, ನೆಗೆತ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾರೆ. ಸೇಫ್ಟಿಗಳ ಮಟ್ಟಿಗೆ ಈ ಲೆಕ್ಕದಲ್ಲಿ ಮೊದಲು ನೋಡಬೇಕಾದದ್ದು ಕೊನೆಗೂ, ಕೊನೆಗೆ ನೋಡಿದರೆ ಸಾಕಾದದ್ದು ಮೊದಲಿಗೂ ಬಂದು ಕೂತಿದೆ ಎಂಬುದು ನನ್ನ ವಾದ.

ಈ ಆಟ ನಾವು ಫುಟ್‌ಬಾಲ್ ಎನ್ನುವುದಲ್ಲ. ಇಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಅದನ್ನು ದೂರದ ರಿಸೀವರ್‌ಗೆ ಎಸೆಯುತ್ತಾನೆ. ತಡೆಯುವ ತಂಡದ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವರು ಸೇಫ್ಟಿಗಳು, ಸಾಮಾನ್ಯವಾಗಿ ಇಬ್ಬರು. ಕಬಡ್ಡಿಯಲ್ಲಿ ಕಾರ್ನರ್‌ನವನ ಹಿಡಿತದಿಂದ ಜಾರಿದ ರೈಡರ್ ಮಧ್ಯಗೆರೆ ಮುಟ್ಟುವ ಮೊದಲು ಅಡ್ಡ ಬರುವ ಕವರ್ ಆಟಗಾರನಿದ್ದಾನಲ್ಲ, ಸುಮಾರು ಅವನ ಪಾತ್ರ; ಆದರೆ ಕಾಯಬೇಕಾದ ಅಂಕಣ 53 ಗಜಕ್ಕೂ ಹೆಚ್ಚು ಅಗಲ. ಮುಂದಿನವನು ತಪ್ಪಿದರೆ ಎದುರಾಳಿಗೆ ಐದಾರು ಗಜ ಸಿಗುತ್ತದೆ, ಸೇಫ್ಟಿ ತಪ್ಪಿದರೆ ಚೆಂಡು ಅಂಕಣದ ತುದಿ ಮುಟ್ಟಿ ಟಚ್‌ಡೌನ್. ಅವನು ಸರಿಯಾದ ಜಾಗದಲ್ಲಿದ್ದರೆ ಕ್ವಾರ್ಟರ್‌ಬ್ಯಾಕ್ ಆ ಕಡೆ ನೋಡಿ, ಎಸೆಯದೆ, ಬೇರೆ ಕಡೆ ತಿರುಗುತ್ತಾನೆ. ಆ ಎಸೆಯದ ಚೆಂಡಿಗೆ ಅಂಕಿಪಟ್ಟಿಯಲ್ಲಿ ಜಾಗವಿಲ್ಲ. ಟಿವಿ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುವುದರಿಂದ ಸೇಫ್ಟಿ ಬಹುಪಾಲು ಹೊತ್ತು ತೆರೆಯ ಮೇಲೆ ಕಾಣುವುದೇ ಇಲ್ಲ. ಇಪ್ಪತ್ತೆರಡೂ ಜನ ಒಟ್ಟಿಗೆ ಕಾಣುವಂತೆ ಎತ್ತರದಿಂದ ತೆಗೆದ ದೃಶ್ಯಗಳನ್ನು ನೋಡದೆ ಅವನ ಬಗ್ಗೆ ತೀರ್ಪು ಕೊಡುವವರ ಮಾತನ್ನು ನಾನು ನಂಬುವುದಿಲ್ಲ.

ಆದರೆ ಸುದ್ದಿಯಾಗುವುದು ಇಂಡಿಯಾನಾಪೊಲಿಸ್. 1987ರಿಂದ ಅಲ್ಲಿ ನಡೆಯುವ ಕಂಬೈನ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಹುಡುಗರು 40 ಗಜ ಓಡುತ್ತಾರೆ, ನಿಂತಲ್ಲಿಂದ ನೆಗೆಯುತ್ತಾರೆ, 225 ಪೌಂಡ್ ಭಾರವನ್ನು ಎಷ್ಟು ಸಲ ಎತ್ತಬಲ್ಲರೆಂದು ತೋರಿಸುತ್ತಾರೆ. 2010ರಲ್ಲಿ ಅಲ್ಲಿಗೆ ಬಂದವರಲ್ಲಿ ಟೇಲರ್ ಮೇಸ್ ಒಬ್ಬರು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸೇಫ್ಟಿ, ಆರು ಅಡಿ ಮೂರು ಅಂಗುಲ ಎತ್ತರ, 230 ಪೌಂಡ್ ತೂಕ. ಆ ಮೈಕಟ್ಟಿನಲ್ಲಿ 40 ಗಜವನ್ನು 4.43 ಸೆಕೆಂಡಿನಲ್ಲಿ ಓಡಿದರು. ಅಳತೆಯ ಪಟ್ಟಿ ಬೇಡಿದ್ದೆಲ್ಲ ಅವರಲ್ಲಿತ್ತು. ಅವರನ್ನು ಕಾಲೇಜಿನಲ್ಲಿ ಬೆಳೆಸಿದ ತರಬೇತುದಾರ ಪೀಟ್ ಕ್ಯಾರೊಲ್ ಅದೇ ವರ್ಷ ಎನ್‌ಎಫ್‌ಎಲ್‌ನ ಸಿಯಾಟಲ್ ಸೀಹಾಕ್ಸ್ ತಂಡ ಸೇರಿದ್ದರು. ಸಿಯಾಟಲ್‌ಗೂ ಸೇಫ್ಟಿ ಬೇಕಿತ್ತು. 14ನೇ ಆಯ್ಕೆಯಲ್ಲಿ ಕ್ಯಾರೊಲ್ ಕರೆದದ್ದು ಮೇಸ್ ಅವರನ್ನಲ್ಲ, ಐದು ಅಡಿ ಹತ್ತು ಅಂಗುಲದ ಅರ್ಲ್ ಥಾಮಸ್ ಅವರನ್ನು. ಮೇಸ್ ಎರಡನೆಯ ಸುತ್ತಿನಲ್ಲಿ, 49ನೆಯವರಾಗಿ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಹೋದರು. ಮರುವರ್ಷವೇ ಆ ತಂಡ ಅವರನ್ನು ಸಿನ್ಸಿನಾಟಿಗೆ ದಾಟಿಸಿತು. ಥಾಮಸ್ ತಮ್ಮ ಪೀಳಿಗೆಯ ಅತಿ ದೊಡ್ಡ ಸೇಫ್ಟಿಗಳಲ್ಲಿ ಒಬ್ಬರಾದರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ದೇಹಕ್ಕೆ ಬೆಲೆಯಿಲ್ಲ, ಬುದ್ಧಿಯೇ ಎಲ್ಲ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಅದೇ ಡ್ರಾಫ್ಟ್‌ನ ಐದನೆಯ ಸುತ್ತಿನಲ್ಲಿ, 133ನೇ ಆಯ್ಕೆಯಲ್ಲಿ, ಸಿಯಾಟಲ್ ವರ್ಜೀನಿಯಾ ಟೆಕ್‌ನ ಕ್ಯಾಮ್ ಚಾನ್ಸಲರ್ ಅವರನ್ನು ಕರೆದುಕೊಂಡಿತು. ಅವರದ್ದೂ ಹೆಚ್ಚುಕಡಿಮೆ ಮೇಸ್ ಅವರದ್ದೇ ಗಾತ್ರ, ಓಟದಲ್ಲಿ ಮಾತ್ರ ನಿಧಾನ. ಹಾಗಾದರೆ ಒಬ್ಬರನ್ನು ಬಿಟ್ಟು ಮತ್ತೊಬ್ಬರನ್ನು ಕರೆದದ್ದೇಕೆ? ಹಿಂದಿನ ವಿಶಾಲ ಬಯಲನ್ನು ಥಾಮಸ್ ಒಬ್ಬರೇ ಕಾಯಬಲ್ಲರು ಎಂದಾದ ಮೇಲೆ, ಇನ್ನೊಬ್ಬ ಸೇಫ್ಟಿ ಮುಂದೆ ಬಂದು ಓಟಗಾರನನ್ನೂ, ನಡುವೆ ನುಗ್ಗುವ ರಿಸೀವರ್‌ನನ್ನೂ ತಡೆದರೆ ಸಾಕಿತ್ತು. ಆ ಕೆಲಸಕ್ಕೆ ಚಾನ್ಸಲರ್ ಅವರ ಮೈ ಒಪ್ಪುತ್ತಿತ್ತು, ಬೆಲೆ ಐದನೆಯ ಸುತ್ತಿನದು. 2014ರ ಫೆಬ್ರುವರಿಯಲ್ಲಿ ಡೆನ್ವರ್ ತಂಡವನ್ನು 43–8ರಿಂದ ಮಣಿಸಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ರಕ್ಷಣಾ ಪಡೆಯ ಹಿಂಬದಿಯಲ್ಲಿ ಈ ಇಬ್ಬರೂ ಇದ್ದರು. ಇಲ್ಲಿ ಅಳೆದದ್ದು ಮನುಷ್ಯನನ್ನು ಮಾತ್ರವಲ್ಲ, ಅವನಿಗೆ ಕೊಡಲಿರುವ ಕೆಲಸವನ್ನೂ. ಯಾವ ಕೆಲಸಕ್ಕೆ ಎಂದು ಹೇಳದೆ ಒಬ್ಬ ಸೇಫ್ಟಿಗೆ ಹತ್ತರಲ್ಲಿ ಎಂಟು ಅಂಕ ಕೊಡುವ ವರದಿಗೆ ಅರ್ಥವೇ ಇಲ್ಲ.

ಇನ್ನು ಓಟದ ಮಾತು. 2022ರ ಮೊದಲ ಸುತ್ತಿನಲ್ಲಿ ಮೂವರು ಸೇಫ್ಟಿಗಳು ಆಯ್ಕೆಯಾದರು. ನೋಟ್ರ ಡೇಮ್‌ನ ಕೈಲ್ ಹ್ಯಾಮಿಲ್ಟನ್ 4.59 ಸೆಕೆಂಡ್, ಮಿಷಿಗನ್‌ನ ಡ್ಯಾಕ್ಸ್ಟನ್ ಹಿಲ್ 4.38, ಜಾರ್ಜಿಯಾದ ಲೂಯಿಸ್ ಸೀನ್ 4.37. ಕಂಬೈನ್‌ಗೆ ಮೊದಲು ಹ್ಯಾಮಿಲ್ಟನ್ ಮೊದಲ ಐದರೊಳಗೇ ಹೋಗುತ್ತಾರೆಂಬ ಮಾತಿತ್ತು. ಕೊನೆಗೆ ಬಾಲ್ಟಿಮೋರ್‌ಗೆ 14ನೆಯವರಾಗಿ ಸಿಕ್ಕಿದರು. ಮರುವರ್ಷವೇ ಲೀಗ್‌ನ ಅತ್ಯುತ್ತಮರ ಆಲ್-ಪ್ರೊ ಮೊದಲ ತಂಡದಲ್ಲಿದ್ದರು. ಸೀನ್ ತಮ್ಮ ಮೊದಲ ಋತುವಿನಲ್ಲೇ ಲಂಡನ್‌ನ ಪಂದ್ಯದಲ್ಲಿ ಕಾಲು ಮುರಿದುಕೊಂಡರು, ಹಾಗಾಗಿ ಅವರ ಹೋಲಿಕೆಯನ್ನು ಎಳೆದಾಡುವುದು ಅನ್ಯಾಯ. ಆದರೂ ಮೂವರಲ್ಲಿ ನಿಧಾನದವರೇ ಮುಂದೆ ಹೋದದ್ದು ನಿಜ.

ಅದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಪಂದ್ಯದಲ್ಲಿ ಸೇಫ್ಟಿ ನೆಲಕ್ಕೆ ಕೈಯೂರಿ ನೇರಕ್ಕೆ 40 ಗಜ ಓಡುವ ಪ್ರಸಂಗ ಬರುವುದು ಅಪರೂಪ. ಅವನು ಹಿಂದೆ ಹಿಂದೆ ಹೆಜ್ಜೆಯಿಡುತ್ತಾನೆ, ಕ್ವಾರ್ಟರ್‌ಬ್ಯಾಕ್‌ನ ಕಣ್ಣು–ಭುಜ ನೋಡುತ್ತಾನೆ, ಸೊಂಟ ತಿರುಗಿಸಿ ಒಂದು ದಿಕ್ಕು ಹಿಡಿಯುತ್ತಾನೆ. 4.4 ಮತ್ತು 4.6 ಸೆಕೆಂಡ್‌ಗಳ ಓಟದ ನಡುವಿನ ಅಂತರ 40 ಗಜದ ಕೊನೆಗೆ ಸುಮಾರು ಎರಡು ಗಜ. ಆಟ ಯಾವ ಕಡೆ ಹೊರಳುತ್ತಿದೆ ಎಂದು ಕಣ್ಣು ರೆಪ್ಪೆ ಬಡಿಯುವಷ್ಟು ಮುಂಚೆ ಗ್ರಹಿಸಿದವನು ಆ ಎರಡು ಗಜವನ್ನು ಓಡದೆಯೇ ಗಳಿಸಿಕೊಂಡಿರುತ್ತಾನೆ. ತಪ್ಪು ದಿಕ್ಕಿಗೆ ಮೊದಲ ಹೆಜ್ಜೆಯಿಟ್ಟ ವೇಗಿ ಆ ವೇಗದಿಂದಲೇ ಇನ್ನೂ ದೂರ ಹೋಗಿರುತ್ತಾನೆ. ಹಾಗೆಂದು ವೇಗ ಬೇಡವೆಂದಲ್ಲ. ಒಂದು ಮಟ್ಟಕ್ಕಿಂತ ನಿಧಾನವಿದ್ದವನನ್ನು ಎನ್‌ಎಫ್‌ಎಲ್‌ನ ರಿಸೀವರ್‌ಗಳು ದಯೆಯಿಲ್ಲದೆ ಹಿಂದಿಕ್ಕುತ್ತಾರೆ. ಓಟದ ಗಡಿಯಾರ ಯಾರನ್ನು ಕೈಬಿಡಬೇಕೆಂದು ಹೇಳಬಲ್ಲದು. ಉಳಿದವರಲ್ಲಿ ಯಾರು ಮೇಲು ಎಂದು ಹೇಳಲಾರದು.

ಹಾಗಿದ್ದರೆ ದೃಶ್ಯಗಳನ್ನು ನೋಡಿದರೆ ಸಾಕೇ? ಅಲ್ಲೂ ತೊಡಕಿದೆ, ಏಕೆಂದರೆ ಕಾಲೇಜು ಆಟವೂ ವೃತ್ತಿಪರ ಆಟವೂ ಒಂದೇ ಅಲ್ಲ. ಪ್ರತಿ ಆಟ ಶುರುವಾಗುವ ಜಾಗವನ್ನು ನಿರ್ಧರಿಸುವ ಎರಡು ಸಾಲು ಗುರುತುಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಆದ್ದರಿಂದ ಕಾಲೇಜಿನಲ್ಲಿ ಚೆಂಡು ಒಂದು ಬದಿಗೆ ವಾಲಿದಾಗ ಇನ್ನೊಂದು ಬದಿ ವಿಪರೀತ ಅಗಲವಾಗುತ್ತದೆ, ಸೇಫ್ಟಿ ಮೊದಲೇ ಆ ಕಡೆ ಸರಿದು ನಿಲ್ಲುತ್ತಾನೆ. ವೃತ್ತಿಪರ ಆಟದಲ್ಲಿ ಚೆಂಡು ಹೆಚ್ಚಾಗಿ ನಡುವಿನಲ್ಲೇ ಇರುವುದರಿಂದ ಎರಡೂ ಬದಿ ಸಮಾನ ಅಪಾಯ. ಇನ್ನೊಂದು ನಿಯಮ: ಎಸೆತಕ್ಕೆ ಮುಂಚೆ ಅಡ್ಡಗಟ್ಟುವ ಆಟಗಾರರು ಕಾಲೇಜಿನಲ್ಲಿ ಮೂರು ಗಜದವರೆಗೆ ಮುನ್ನುಗ್ಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಓಟವೋ ಎಸೆತವೋ ಎಂದು ಕೊನೆ ಗಳಿಗೆಯವರೆಗೆ ಮುಚ್ಚಿಡುವ ಆಟಗಳು ಕಾಲೇಜಿನಲ್ಲಿ ಹೇರಳವಾಗಲು ಇದೂ ಒಂದು ಕಾರಣ. ಅಡ್ಡಗಟ್ಟುವ ದೈತ್ಯರು ಮುನ್ನುಗ್ಗುವುದನ್ನು ಕಂಡು ಓಟವೆಂದು ನಂಬಿ ಮುಂದೆ ಬಂದ ಹುಡುಗ ಹಿಂದೆ ಎಸೆತ ಬಿಟ್ಟುಕೊಟ್ಟರೆ ಅದನ್ನು ಅವನ ತಪ್ಪೆಂದು ಬರೆಯುವ ಮೊದಲು, ತರಬೇತುದಾರ ಅವನಿಗೆ ಹೇಳಿದ್ದೇನು ಎಂದು ಕೇಳಬೇಕು. ಎದುರಿಗೆ ಕೂರಿಸಿಕೊಂಡು, ಬೋರ್ಡಿನ ಮೇಲೆ ಆ ಆಟವನ್ನೇ ಬರೆಸಿ, ಹನ್ನೊಂದು ಜನರ ಕೆಲಸವನ್ನೂ ಅವನ ಬಾಯಿಂದಲೇ ಹೇಳಿಸುವ ಸಂದರ್ಶನಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಇದಕ್ಕಾಗಿ. ಚೆಂಡು ಹೊರಡುವ ಮೊದಲು ಕೂಗಿ ಎಲ್ಲರನ್ನೂ ಸರಿಯಾದ ಜಾಗಕ್ಕೆ ನಿಲ್ಲಿಸುವವನು ಬಹುಪಾಲು ಸೇಫ್ಟಿಯೇ.

ಅಂಕಿಸಂಖ್ಯೆಗಳ ಮೇಲೆ ನನಗೆ ಇನ್ನೂ ಕಡಿಮೆ ನಂಬಿಕೆ. ಚೆಂಡು ಹಿಡಿದವನನ್ನು ಕೆಡಹುವುದು ಟ್ಯಾಕಲ್; ಹೆಚ್ಚು ಟ್ಯಾಕಲ್ ಮಾಡಿದ ಸೇಫ್ಟಿಯ ಮುಂದಿನ ಸಾಲು ಸೋರುತ್ತಿತ್ತೆಂದೇ ಅರ್ಥವಿರಬಹುದು. ಚೆಂಡು ಕಸಿದ ಲೆಕ್ಕ ಎದುರಾಳಿಯ ಕೆಟ್ಟ ಎಸೆತಕ್ಕೆ ಜೋತುಬಿದ್ದದ್ದು. ಒಂದು ವರ್ಷ ಏಳು, ಮರುವರ್ಷ ಒಂದು ಆಗುವುದುಂಟು. ತಪ್ಪಿದ ಟ್ಯಾಕಲ್‌ಗಳ ಲೆಕ್ಕವನ್ನು ಮಾತ್ರ ಬಿಡಬಾರದು, ಸೇಫ್ಟಿಯ ಹಿಂದೆ ತಡೆಯಲು ಬೇರೆ ಯಾರೂ ಇರುವುದಿಲ್ಲ.

ಕಳೆದ ಕೆಲವು ವರ್ಷಗಳ ಮಾರುಕಟ್ಟೆ ಒಂದು ವಿಚಿತ್ರ ತೀರ್ಪು ಕೊಟ್ಟಿದೆ. 2020, 2021, 2023, 2024ರ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಒಬ್ಬ ಸೇಫ್ಟಿಯೂ ಆಯ್ಕೆಯಾಗಲಿಲ್ಲ. ಹಾಗೆಂದು ಆ ವರ್ಷಗಳಲ್ಲಿ ಒಳ್ಳೆಯವರಿರಲಿಲ್ಲವೇ? 2020ರ ಎರಡನೆಯ ಸುತ್ತಿನ 36ನೇ ಆಯ್ಕೆ ಅಲಬಾಮಾದ ಝೇವಿಯರ್ ಮೆಕಿನಿ, ಕಂಬೈನ್‌ನಲ್ಲಿ 4.63 ಓಡಿದ ಅವರು 2024ರಲ್ಲಿ ಆಲ್-ಪ್ರೊ ಮೊದಲ ತಂಡ ಸೇರಿದರು. ಅದೇ ಸುತ್ತಿನಲ್ಲಿ ಒಬ್ಬರ ಹಿಂದೊಬ್ಬರಂತೆ ಇಬ್ಬರು ಸೇಫ್ಟಿಗಳು ಹೋದರು. 44ನೆಯವರು ಎಲ್‌ಎಸ್‌ಯುನ ಗ್ರಾಂಟ್ ಡೆಲ್ಪಿಟ್, ಆ ಋತುವಿನ ಅತ್ಯುತ್ತಮ ಕಾಲೇಜು ಡಿಫೆನ್ಸಿವ್ ಬ್ಯಾಕ್‌ಗೆ ಸಲ್ಲುವ ಜಿಮ್ ಥಾರ್ಪ್ ಪ್ರಶಸ್ತಿ ಪಡೆದವರು. 45ನೆಯವರು ಮಿನಸೋಟದ ಆಂಟ್ವಾನ್ ವಿನ್‌ಫೀಲ್ಡ್ ಜೂನಿಯರ್, ಐದು ಅಡಿ ಒಂಬತ್ತು ಅಂಗುಲ, ಕಾಲೇಜಿನಲ್ಲಿ ಎರಡು ಋತು ಗಾಯಕ್ಕೆ ಬಲಿಯಾಗಿದ್ದವು. ವಿನ್‌ಫೀಲ್ಡ್ ಮೊದಲ ವರ್ಷವೇ ಟ್ಯಾಂಪಾ ಬೇ ತಂಡದೊಂದಿಗೆ ಸೂಪರ್ ಬೌಲ್ ಗೆದ್ದರು, 2023ರಲ್ಲಿ ಆಲ್-ಪ್ರೊ ಆದರು. ಡೆಲ್ಪಿಟ್ ಮೊದಲ ಋತುವನ್ನೇ ಅಭ್ಯಾಸದ ಗಾಯದಿಂದ ಕಳೆದುಕೊಂಡರು.

ಕೇಡ್ ಮ್ಯಾಸಿ ಮತ್ತು ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಒಂದೇ ಸ್ಥಾನದ ಆಟಗಾರರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಾಧ್ಯತೆ ಶೇ 52ರಷ್ಟು ಮಾತ್ರ ಎಂದು ಅವರು ಕಂಡುಕೊಂಡರು. ನಾಣ್ಯ ಚಿಮ್ಮಿದ್ದಕ್ಕಿಂತ ಚೂರು ಮೇಲು. ಮೊದಲ ಸರದಿಗಳಿಗೆ ತಂಡಗಳು ಅತಿಯಾದ ಬೆಲೆ ಕೊಡುತ್ತವೆ, ತಮ್ಮ ಕಣ್ಣಿನ ಮೇಲೆ ಅತಿಯಾದ ಭರವಸೆ ಇಡುತ್ತವೆ ಎಂಬುದು ಅವರ ನಿಲುವು. ಸೇಫ್ಟಿಗಳನ್ನು ಎರಡನೆಯ ಸುತ್ತಿಗೆ ಕಾಯ್ದಿಡುವ ತಂಡಗಳು ಈ ಸ್ಥಾನವನ್ನು ಕೀಳಾಗಿ ಕಾಣುತ್ತಿವೆ ಎಂದು ಕೆಲವರು ಬೇಸರಪಡುತ್ತಾರೆ. ನನಗೆ ಹಾಗೆ ಕಾಯುವುದರಲ್ಲಿ ವಿವೇಕವೇ ಕಾಣುತ್ತದೆ. 2017ರಲ್ಲಿ ಆರನೆಯವರಾಗಿ ಆಯ್ಕೆಯಾದ ಸೇಫ್ಟಿ ಜಮಾಲ್ ಆಡಮ್ಸ್‌ಗಾಗಿ ಸಿಯಾಟಲ್ 2020ರಲ್ಲಿ ಎರಡು ಮೊದಲ ಸುತ್ತಿನ ಆಯ್ಕೆಗಳನ್ನು ತೆತ್ತಿತು. ಗಾಯಗಳ ನಂತರ 2024ರಲ್ಲಿ ಬಿಟ್ಟುಬಿಟ್ಟಿತು. ಅದೇ 2017ರಲ್ಲಿ ಬುಡಾ ಬೇಕರ್ 36ನೆಯವರಾಗಿ ಸಿಕ್ಕಿದ್ದರು. ಕಾಲು ಮುರಿದುಕೊಂಡಿದ್ದ ಎಡ್ಡಿ ಜಾಕ್ಸನ್ ನಾಲ್ಕನೆಯ ಸುತ್ತಿನಲ್ಲಿ, 112ನೆಯವರಾಗಿ ಸಿಕ್ಕಿದ್ದರು. ಮರುವರ್ಷ, 2018ರಲ್ಲಿ, ಅವರು ಆಲ್-ಪ್ರೊ.

ಜೊತೆಗಾರಿಕೆಯ ಮಾತನ್ನು ಯಾವ ವರದಿಯೂ ಬರೆಯುವುದಿಲ್ಲ. 2013ರಲ್ಲಿ ಮೈಕಾ ಹೈಡ್ ಐದನೆಯ ಸುತ್ತಿನಲ್ಲಿ, ಜೋರ್ಡನ್ ಪೋಯರ್ ಏಳನೆಯ ಸುತ್ತಿನಲ್ಲಿ ಬೇರೆ ಬೇರೆ ತಂಡಗಳಿಗೆ ಆಯ್ಕೆಯಾದವರು. 2017ರಲ್ಲಿ ಇಬ್ಬರೂ ಬಫಲೊಗೆ ಬಂದು, ವರ್ಷಗಟ್ಟಲೆ ಒಟ್ಟಿಗೆ ಆಡಿ, ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ಹಿಂದೆ ಸರಿಯುವಷ್ಟು ಪಳಗಿದರು. ಹೈಡ್ ಗಾಯಗೊಂಡಾಗ ಆ ಜಾಗಕ್ಕೆ ಬಂದವರು 2021ರ ಆರನೆಯ ಸುತ್ತಿನ 212ನೇ ಆಯ್ಕೆ ಡಾಮರ್ ಹ್ಯಾಮ್ಲಿನ್. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಒಂದು ಟ್ಯಾಕಲ್ ಮಾಡಿ ಎದ್ದು ನಿಂತವರು ಹೃದಯ ನಿಂತು ಕುಸಿದರು. ಮೈದಾನದಲ್ಲೇ ಚಿಕಿತ್ಸೆ ಕೊಟ್ಟು ಅವರನ್ನು ಬದುಕಿಸಿದರು, ಮುಂದಿನ ಋತುವಿನಲ್ಲಿ ಅವರು ಮತ್ತೆ ಆಡಿದರು. ಡ್ರಾಫ್ಟ್‌ಗೆ ಬರುವಾಗ ಈ ಹುಡುಗರಿಗೆ ಇಪ್ಪತ್ತೊಂದು, ಇಪ್ಪತ್ತೆರಡರ ಪ್ರಾಯ. ಒಂದು ಓಟದ ಸೆಕೆಂಡಿನ ಭಾಗಕ್ಕೆ ಅವರನ್ನು ಮೇಲೆ ಕೆಳಗೆ ಮಾಡಿದಾಗ ಹೋಗುವುದು ಲಕ್ಷಾಂತರ ಡಾಲರ್, ಕೆಲವೊಮ್ಮೆ ಇಡೀ ಅವಕಾಶ.

ಆದ್ದರಿಂದ ಮುಂದಿನ ಡ್ರಾಫ್ಟ್‌ಗೆ ಸೇಫ್ಟಿಗಳ ವರದಿ ಬರೆಯುವವರಲ್ಲೂ, ಅದನ್ನು ಓದಿ ವಾದಿಸುವವರಲ್ಲೂ ನನ್ನದೊಂದು ಕೋರಿಕೆ. ಮೊದಲ ಪುಟದಲ್ಲಿ ಆ ಹುಡುಗ ಏನನ್ನು ಕಂಡ, ಎಷ್ಟು ಬೇಗ ಕಂಡ, ಕಂಡು ಏನು ಮಾಡಿದ, ಅವನಿಗೆ ಹೇಳಿದ್ದೇನು ಎಂಬುದನ್ನು ಬರೆಯಿರಿ. ನಿಮ್ಮ ತಂಡ ಅವನಿಗೆ ಯಾವ ಕೆಲಸ ಕೊಡಲಿದೆ ಎಂದು ಎರಡನೆಯ ಪುಟದಲ್ಲಿ ಬರೆಯಿರಿ. 40 ಗಜದ ಓಟ ಮೂರನೆಯ ಪುಟದಲ್ಲಿರಲಿ.