ಸೀಟು ಫಳಫಳ, ಬೆಲ್ಟ್ ಸಡಿಲ: ಮಕ್ಕಳ ಸುರಕ್ಷತೆಯನ್ನು ನಾವೇ ತೊಳೆದು ಹಾಕುತ್ತಿದ್ದೇವೆಯೇ?

ಕಳೆದ ಮಳೆಗಾಲದ ಮಾತು. ಮೈಸೂರಿನಿಂದ ಬೆಂಗಳೂರಿಗೆ ವಾಪಸ್ ಬರುವಾಗ ಎರಡು ವರ್ಷದ ಮಗಳು ಕಾರಿನಲ್ಲೇ ವಾಂತಿ ಮಾಡಿಕೊಂಡಳು. ರಾಗಿ ಸರಿ, ಬಾಳೆಹಣ್ಣು, ದಾರಿಯಲ್ಲಿ ಕೊಡಿಸಿದ ಬಿಸ್ಕತ್ತು, ಎಲ್ಲವೂ ಅವಳ ಸೀಟಿನ ಬೆಲ್ಟಿಗೆ, ಬಕಲಿಗೆ, ಬಟ್ಟೆಯ ಮಡಿಕೆಗೆ ಇಳಿದವು. ಟಿಶ್ಯೂ ಪೇಪರ್‌ನಲ್ಲಿ ಒರೆಸಿದ್ದಷ್ಟೇ ಬಂತು. ಹೊರಗೆ ಎಡೆಬಿಡದ ಮಳೆ, ಸೀಟು ಒಣಗಲಿಲ್ಲ. ನಾಲ್ಕನೇ ದಿನಕ್ಕೆ ಕಾರಿನ ಬಾಗಿಲು ತೆಗೆದರೆ ಹುಳಿ ವಾಸನೆ, ವಾರ ಕಳೆಯುವಷ್ಟರಲ್ಲಿ ಬಟ್ಟೆಯ ಅಂಚಿಗೆ ಬೂಷ್ಟು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಫೋನಿನಲ್ಲಿ ಬುಕ್ ಮಾಡಿದೆ. ಇಬ್ಬರು ಹುಡುಗರು ಮಷೀನ್ ಹೊತ್ತು ಬಂದರು. ಕಾರಿನ ಸೀಟು, ಮಗುವಿನ ಸೀಟು, ಜೊತೆಗೆ ಸ್ಟ್ರೋಲರ್ ಕೂಡ. ಮೂರು ಗಂಟೆ ಬೆವರು ಸುರಿಸಿ ದುಡಿದರು. ಸೀಟನ್ನು ಪೂರ್ತಿ ಬಿಚ್ಚಿ, ಬೆಲ್ಟುಗಳನ್ನು ಬಕೆಟ್ಟಿನಲ್ಲಿ ನೆನೆಸಿ, ಉಜ್ಜಿ, ಟೆರೇಸಿನ ಮೇಲೆ ಬಿಸಿಲು ಕಂಡ ಕಡೆ ಒಣಗಿಸಿ, ಮತ್ತೆ ಜೋಡಿಸಿ ಕೊಟ್ಟರು. "ನೋಡಿ ಮೇಡಂ, ಶೋರೂಂ ಪೀಸ್ ಥರ ಮಾಡಿದೀವಿ" ಅಂದರು. ನಿಜಕ್ಕೂ ಹಾಗೇ ಇತ್ತು. ನಾನು ಫೋಟೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಅವರ ನಂಬರನ್ನೂ ಕೊಟ್ಟೆ.

ಎರಡು ದಿನದ ನಂತರ ನ್ಯೂಜೆರ್ಸಿಯಲ್ಲಿರುವ ಗೆಳತಿಗೆ ವಿಡಿಯೋ ಕಾಲ್‌ನಲ್ಲಿ ಅದೇ ಸೀಟನ್ನು ತೋರಿಸಿದೆ. ಅವಳು ಫಳಫಳ ಹೊಳೆಯುವ ಬಟ್ಟೆಯನ್ನು ನೋಡಲೇ ಇಲ್ಲ. "ಏ, ಹಿಂದುಗಡೆ ತಿರುಗಿಸಿ ತೋರಿಸೇ" ಅಂದಳು. ತಿರುಗಿಸಿದೆ. ಭುಜದ ಎರಡು ಬೆಲ್ಟುಗಳಲ್ಲಿ ಒಂದು ಮೇಲಿನ ಕಿಂಡಿಯಿಂದ, ಇನ್ನೊಂದು ಕೆಳಗಿನ ಕಿಂಡಿಯಿಂದ ಬಂದಿತ್ತು. ಹಿಂಬದಿಯ ಕಬ್ಬಿಣದ ಕೊಂಡಿಗೆ ಎರಡೂ ಬೆಲ್ಟು ಸಿಕ್ಕಿಸಬೇಕು, ಸಿಕ್ಕಿಸಿದ್ದು ಒಂದನ್ನು ಮಾತ್ರ. ಇನ್ನೊಂದು ಬಟ್ಟೆಯ ಒತ್ತಡಕ್ಕೆ ಸುಮ್ಮನೆ ನಿಂತಿತ್ತು. ಜೋರಾಗಿ ಎಳೆದೆ. ಕೈಗೇ ಬಂತು.

ಮೇಲೆ ತಳುಕು, ಒಳಗೆ ಹುಳುಕು ಅನ್ನುವ ಮಾತು ಅಷ್ಟು ಅಕ್ಷರಶಃ ಕಣ್ಣ ಮುಂದೆ ಬಂದಿದ್ದು ಅದೇ ಮೊದಲು.

ಕಾನೂನು ಎಲ್ಲಿಗೆ ನಿಲ್ಲುತ್ತದೆ

ಇದು ಒಂದು ಮನೆಯ ಕಥೆಯಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಮಕ್ಕಳ ಸೀಟು ಈಗ ಶೋಕಿಯ ವಸ್ತುವಲ್ಲ, ಕಾನೂನಿನ ವಿಷಯ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟು ಇಲ್ಲದೆ ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡ. ಸೀಟು ಹೇಗಿರಬೇಕು ಎನ್ನುವುದಕ್ಕೆ ಎಐಎಸ್-072 ಎಂಬ ಮಾನದಂಡ ಇದೆ. 2023ರ ಅಕ್ಟೋಬರ್‌ನಿಂದ ಜಾರಿಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಮಕ್ಕಳ ಸುರಕ್ಷತೆಗೆ ಪ್ರತ್ಯೇಕ ಸ್ಟಾರ್ ಇದೆ. ಜಾಹೀರಾತಿನಲ್ಲಿ ಹೆಮ್ಮೆಯಿಂದ ತೋರಿಸುವ ಆ ಸ್ಟಾರ್‌ಗಳು ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಗುವಿನ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಸರಿಯಾಗಿ ಕಟ್ಟಿ ಕೂರಿಸಿ, ಕಾರನ್ನು ಗುದ್ದಿಸಿ ಪಡೆದವು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವರಿಗೆ ಆ ಸ್ಟಾರ್‌ಗಳಿಂದ ಯಾವ ಪ್ರಯೋಜನವೂ ಇಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ದೇಶವೆಲ್ಲ ಮಾತಾಡಿತು. ಆ ವರ್ಷ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳಿತು. ಮಾತು ಕೆಲವು ವಾರ ನಡೆದು ತಣ್ಣಗಾಯಿತು.

ಮಕ್ಕಳ ಸೀಟಿನಿಂದ ಉಪಯೋಗ ಇದೆಯೇ ಎಂಬ ಪ್ರಶ್ನೆ ಹಳೆಯದಾಯಿತು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಲೆಕ್ಕದಲ್ಲಿ, ಕಾರಿನಲ್ಲಿ ಮಕ್ಕಳ ಸೀಟು ಬಳಸಿದರೆ ಒಂದು ವರ್ಷದೊಳಗಿನ ಕೂಸುಗಳ ಸಾವಿನ ಅಪಾಯ 71% ಮತ್ತು ಒಂದರಿಂದ ನಾಲ್ಕು ವರ್ಷದವರದ್ದು 54% ಕಡಿಮೆಯಾಗುತ್ತದೆ. ಆದರೆ ಅದೇ ಸಂಸ್ಥೆ ಸಮೀಕ್ಷೆ ಮಾಡಿದಾಗ ಸುಮಾರು 46% ಸೀಟುಗಳ ಬಳಕೆಯಲ್ಲಿ ಒಂದಲ್ಲ ಒಂದು ತಪ್ಪು ಕಂಡಿತ್ತು. ಸೀಟು ಹಾಕಿದ್ದೇನೋ ಸರಿ ಅಪಘಾತದಲ್ಲಿ ಕೆಲಸ ಮಾಡುತ್ತದೆಯೇ ಎನ್ನುವುದು ಬೇರೆಯೇ ಪ್ರಶ್ನೆ.

ಲೆಕ್ಕ ಸರಳ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಗುದ್ದಿ ನಿಂತರೆ, ಒಳಗಿರುವವರ ಪಾಲಿಗೆ ಅದು ಸುಮಾರು ಹತ್ತು ಮೀಟರ್, ಅಂದರೆ ಮೂರು ಮಹಡಿ ಎತ್ತರದಿಂದ ಬಿದ್ದ ಹಾಗೆ. ಆಗ ಮಗುವನ್ನು ಹಿಡಿಯುವುದು ಆ ಎರಡು ಬೆರಳಗಲದ ಪಟ್ಟಿಗಳು, ಒಂದು ಬಕಲ್, ಒಂದು ಕೊಂಡಿ.

ಕಾನೂನು ಸೀಟು ಮಾರಾಟವಾಗುವವರೆಗೆ ಜೊತೆಗಿರುತ್ತದೆ. ಅದಾದ ಮೇಲೆ ಅದನ್ನು ಯಾರು ಬಿಚ್ಚುತ್ತಾರೆ, ಯಾವುದರಲ್ಲಿ ತೊಳೆಯುತ್ತಾರೆ, ಹೇಗೆ ಜೋಡಿಸುತ್ತಾರೆ, ಎಷ್ಟು ಜನರ ಕೈ ದಾಟಿಸುತ್ತಾರೆ ಎಂದು ಕೇಳುವವರಿಲ್ಲ.

ನೆನೆಸಿದರೆ ಶುದ್ಧ, ಒಣಗಿದರೆ ಮಡಿ

ಸ್ವಚ್ಛತೆ ಅಂದರೆ ನಮಗೆ ಒಂದೇ ಚಿತ್ರ. ನೀರಿನಲ್ಲಿ ನೆನೆಸಬೇಕು, ತಿಕ್ಕಬೇಕು, ಹಿಂಡಬೇಕು, ಸುಡು ಬಿಸಿಲಲ್ಲಿ ಹಾಕಬೇಕು. ಅಜ್ಜಿಯ ಕಾಲದ ಮಡಿಯಿಂದ ಇವತ್ತಿನ ವಾಷಿಂಗ್ ಮಷೀನ್‌ವರೆಗೆ ಇದೇ ನಂಬಿಕೆ. ಸೀರೆಗೆ, ಕಂಬಳಿಗೆ, ಮಗುವಿನ ಲಂಗೋಟಿಗೆ ಇದು ಸರಿ. ಮಕ್ಕಳ ಸೀಟಿನ ಬೆಲ್ಟಿಗೆ ಮಾತ್ರ ಇದು ತದ್ವಿರುದ್ಧ.

ಸೀಟಿನ ಜೊತೆ ಬರುವ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದು ಇಷ್ಟು. ಬೆಲ್ಟನ್ನು ನೆನೆಸಬೇಡಿ, ಮಷೀನಿಗೆ ಹಾಕಬೇಡಿ, ಬ್ಲೀಚ್ ತಾಗಿಸಬೇಡಿ, ಇಸ್ತ್ರಿ ಮಾಡಬೇಡಿ. ಒದ್ದೆ ಬಟ್ಟೆಗೆ ಒಂದಿಷ್ಟು ಸೌಮ್ಯ ಸೋಪು ಹಾಕಿ ಒರೆಸಿ, ಇನ್ನೊಂದು ಒದ್ದೆ ಬಟ್ಟೆಯಲ್ಲಿ ಸೋಪು ತೆಗೆದು, ನೆರಳಿನಲ್ಲಿ ಗಾಳಿಗೆ ಒಣಗಲು ಬಿಡಿ. ಆ ಪಟ್ಟಿ ನೋಡಲು ಬಟ್ಟೆಯಂತಿದ್ದರೂ ಭಾರ ತಡೆಯಲೆಂದೇ ನೇಯ್ದ ಎಳೆಗಳು ಅದರಲ್ಲಿವೆ. ಗಡಸು ರಾಸಾಯನಿಕ, ಜೋರು ತಿಕ್ಕಾಟ, ದಿನಗಟ್ಟಲೆ ಬಿಸಿಲು ಆ ಎಳೆಗಳನ್ನು ದುರ್ಬಲಗೊಳಿಸಬಲ್ಲವು. ಸೋತ ಎಳೆ ಕಣ್ಣಿಗೆ ಕಾಣುವುದಿಲ್ಲ, ತೊಳೆದ ಮೇಲಂತೂ ಇನ್ನೂ ಚೆಂದ ಕಾಣುತ್ತದೆ.

ಬಕಲ್ ವಿಷಯವೂ ಹಾಗೇ. ಬಿಸ್ಕತ್ತಿನ ಚೂರು, ಹಾಲಿನ ಜಿಡ್ಡು ಸೇರಿ ಬಕಲ್ ಗಟ್ಟಿಯಾದರೆ ನಮ್ಮ ಕೈ ತಾನಾಗಿ ಕೊಬ್ಬರಿ ಎಣ್ಣೆಯ ಡಬ್ಬಿಗೆ ಹೋಗುತ್ತದೆ. ಎಣ್ಣೆ ಬಿಟ್ಟರೆ ಇನ್ನಷ್ಟು ಧೂಳು ಅಂಟುತ್ತದೆ, ಬಕಲ್ ಪೂರ್ತಿ ಕೂರದೇ ಹೋಗಬಹುದು. "ಟಕ್" ಅನ್ನುವ ಸದ್ದು ಕೇಳದಿದ್ದರೆ ಅದು ಹಾಕಿದ ಹಾಗೇ ಅಲ್ಲ. ಎಷ್ಟೋ ಸೀಟುಗಳ ಬಕಲನ್ನು ಬೆಚ್ಚಗಿನ ಬರೀ ನೀರಿನಲ್ಲಿ ಅಲ್ಲಾಡಿಸಿ ತೊಳೆಯಬಹುದು, ಆದರೆ ಅದನ್ನೂ ಆಯಾ ಸೀಟಿನ ಕೈಪಿಡಿ ನೋಡಿಯೇ ಮಾಡಬೇಕು. ಬಟ್ಟೆಯ ಹೊದಿಕೆಯನ್ನು ಮಾತ್ರ ಧಾರಾಳವಾಗಿ ಬಿಚ್ಚಿ ತೊಳೆಯಬಹುದು. ಬಿಚ್ಚುವ ಮೊದಲು ಹಿಂದೆ ಮುಂದೆ ಫೋಟೋ ತೆಗೆದಿಟ್ಟುಕೊಂಡರೆ, ನನಗಾದ ಫಜೀತಿ ನಿಮಗಾಗುವುದಿಲ್ಲ.

ಸ್ಟ್ರೋಲರ್ ಇಷ್ಟು ಗಂಭೀರ ಅಲ್ಲ. ನಮ್ಮ ಫುಟ್‌ಪಾತ್‌ಗಳ ದೆಸೆಯಿಂದ ಅದು ಮಾಲ್ ಮತ್ತು ಅಪಾರ್ಟ್‌ಮೆಂಟಿನ ಆವರಣ ಬಿಟ್ಟು ಹೊರಬೀಳುವುದೇ ಕಡಿಮೆ. ಆದರೂ ಚಕ್ರಕ್ಕೆ ಸುತ್ತಿಕೊಂಡ ಕೂದಲು, ಬ್ರೇಕಿನ ಸಂದಿಯ ಮಣ್ಣು ತೆಗೆಯದೆ ಬಟ್ಟೆ ಮಾತ್ರ ತೊಳೆದರೆ ಏನು ಬಂತು? ಮಡಚುವ ಕೀಲುಗಳ ಮೇಲೂ ಕಣ್ಣಿರಬೇಕು. 2009ರಲ್ಲಿ ಮ್ಯಾಕ್ಲಾರೆನ್ ಕಂಪನಿ ಮಕ್ಕಳ ಬೆರಳ ತುದಿ ಕೀಲಿಗೆ ಸಿಕ್ಕಿ ಕತ್ತರಿಸಿದ ದೂರುಗಳ ನಂತರ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರೋಲರ್‌ಗಳ ಕೀಲಿಗೆ ಹೊದಿಕೆ ಹಂಚಬೇಕಾಗಿ ಬಂದಿತ್ತು.

ವಿಚಿತ್ರ ಏನೆಂದರೆ, ಸರಿಯಾದ ವಿಧಾನವನ್ನು ಬೆಂಗಳೂರಿಗೆ ಅರ್ಧ ಕಲಿಸಿದ್ದು ಬರಗಾಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿದಾಗ, ನಮ್ಮ ಆವರಣದಲ್ಲೂ ಪೈಪು ಹೋಗಿ ಒದ್ದೆ ಬಟ್ಟೆ ಬಂತು. ಮಳೆ ಬಂದ ಮೇಲೆ ಪೈಪು ವಾಪಸ್ ಬಂತು.

ತಪ್ಪು ಆ ಹುಡುಗರದ್ದಲ್ಲ

ನಾನು ಆ ಹುಡುಗರಿಗೆ ಫೋನ್ ಮಾಡಿದೆ, ಸಿಟ್ಟಿನಿಂದಲೇ. ಒಬ್ಬ ಹೇಳಿದ: "ಮೇಡಂ, ನಮಗೆ ಸೋಫಾ ಟ್ರೈನಿಂಗ್ ಕೊಟ್ಟಿದಾರೆ. ಇದೂ ಸೋಫಾ ರೇಟಲ್ಲೇ ಬರುತ್ತೆ." ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವನ ಮಟ್ಟಿಗೆ ಅದು ಸಣ್ಣ ಸೋಫಾ. ಅದು ಸೋಫಾ ಅಲ್ಲ, ಮಗುವಿನ ಜೀವ ಹಿಡಿಯುವ ಯಂತ್ರ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ನನಗೂ ಗೊತ್ತಿರಲಿಲ್ಲ. ಕೈಪಿಡಿ ಬೀರುವಿನಲ್ಲಿತ್ತು, ಇಂಗ್ಲಿಷಿನಲ್ಲಿತ್ತು, ಸಣ್ಣ ಅಕ್ಷರದಲ್ಲಿತ್ತು. ಓದು ಬಲ್ಲ ನಾನೇ ಓದಿರಲಿಲ್ಲ, ಇಂಗ್ಲಿಷ್ ಬಾರದ ಆ ಹುಡುಗನ ಮೇಲೆ ಯಾವ ಬಾಯಲ್ಲಿ ರೇಗಲಿ?

ಪೊಟ್ಟಣದ ಸರಕುಗಳ ಮೇಲಿನ ಕಡ್ಡಾಯ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು ಎನ್ನುತ್ತವೆ 2011ರ ಕೇಂದ್ರ ನಿಯಮಗಳು. ಕರ್ನಾಟಕದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಕನ್ನಡದಲ್ಲೂ ಇರಬೇಕು ಅನ್ನುತ್ತದೆ, ಆದರೆ ಅದರ ಕೈ ತಲುಪುವುದು ರಾಜ್ಯದೊಳಗೆ ತಯಾರಾಗುವ ಸರಕುಗಳಿಗೆ. ಹೊರಗಿನಿಂದ ಬರುವ ಸೀಟಿನ ಬೆಲ್ಟಿನ ಮೇಲೆ "ನೆನೆಸಬೇಡಿ" ಎಂಬ ಒಂದು ಪದ ಕನ್ನಡದಲ್ಲಿ ಹೊಲಿಯಿರಿ ಎಂದು ಯಾರೂ ಕೇಳಿಲ್ಲ. ಬೋರ್ಡುಗಳಲ್ಲಿ ಕನ್ನಡ 60% ಇರಬೇಕೆಂದು ಹೋರಾಡಿದ ನಾವು, ಜೀವ ಉಳಿಸುವ ಒಂದು ಸಾಲಿಗೂ ಅಷ್ಟೇ ಗಟ್ಟಿಯಾಗಿ ದನಿ ಎತ್ತಬೇಕಲ್ಲವೇ?

ಇನ್ನು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ. ಮಗು ಬೇಗ ಬೆಳೆಯುತ್ತದೆ, ಸೀಟು ದುಬಾರಿ, ಹಾಗಾಗಿ ಕೈ ಬದಲಾಗುವುದು ಸಹಜ. "ಡೀಪ್ ಕ್ಲೀನ್ ಮಾಡಿಸಿದೆ, ಹೊಸದರಂತಿದೆ" ಎಂಬ ಒಂದು ಸಾಲು ಬೆಲೆ ಏರಿಸುತ್ತದೆ. ಕೇಳಬೇಕಾದ ಪ್ರಶ್ನೆಗಳೇ ಬೇರೆ. ಇದು ಅಪಘಾತ ಕಂಡಿದೆಯೇ? ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ತಯಾರಿಕೆಯ ದಿನಾಂಕ ಯಾವುದು, ಅವಧಿ ಮುಗಿದಿದೆಯೇ? ಬೆಲ್ಟನ್ನು ಯಾವುದರಲ್ಲಿ ತೊಳೆದಿರಿ? ಅಮೆರಿಕದಲ್ಲಿ ತರಬೇತಿ ಮತ್ತು ಪ್ರಮಾಣಪತ್ರ ಪಡೆದ ತಂತ್ರಜ್ಞರು ಸೀಟು ಪರೀಕ್ಷಿಸಿ ಕೊಡುತ್ತಾರೆ, ನನ್ನ ಗೆಳತಿ ಕಲಿತದ್ದೂ ಅಂಥವರಿಂದಲೇ. ನಮ್ಮ ಆರ್‌ಟಿಒಗಳಲ್ಲಿ, ಹೆರಿಗೆ ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಇಂಥ ತಪಾಸಣೆ ಇಡುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಮನೆಗೆ ಬಂದು ತೊಳೆಯುವ ಸೇವೆಗಳ ದರಪಟ್ಟಿಯಲ್ಲಿ ಸೋಫಾ ಬೇರೆ, ಮಕ್ಕಳ ಸೀಟು ಬೇರೆ ಎಂದು ಬರೆಸಲು, ಆ ಹುಡುಗರಿಗೆ ಒಂದು ದಿನದ ತರಬೇತಿ ಕೊಡಿಸಲು ಕೋಟಿಗಳೂ ಬೇಕಿಲ್ಲ.

ಸ್ಕೂಟರ್‌ನಲ್ಲಿ ಹೋಗುವ ಮಗು

ಆ ಸೀಟನ್ನು ಎಸೆಯಲು ತೀರ್ಮಾನಿಸಿದೆ. ಬೇರೆಯವರು ಎತ್ತಿಕೊಂಡು ಹೋಗಿ ಕಾರಿಗೆ ಹಾಕಬಾರದು, ಬೆಲ್ಟ್ ಕತ್ತರಿಸಿ ಬಿಸಾಡು ಎಂದು ಗೆಳತಿ ಹೇಳಿದ್ದಳು. ಕತ್ತರಿ ಹಿಡಿದು ಕೂತಾಗ ಮನೆಕೆಲಸಕ್ಕೆ ಬರುವಾಕೆ ನಿಂತು ನೋಡಿದಳು. "ಅಯ್ಯೋ ಅಕ್ಕ, ಇಷ್ಟು ಚೆನ್ನಾಗಿರೋದನ್ನ ಯಾಕೆ ಕುಯ್ತೀರಾ? ನನ್ ಮಗೂನ ಕೂರಿಸ್ಕೊಂಡು ಊಟ ಮಾಡಿಸೋಕಾದ್ರೂ ಆಗುತ್ತೆ."

ಅವಳ ಮಗುವಿಗೂ ಎರಡು ವರ್ಷ. ಬೆಳಿಗ್ಗೆ ಗಂಡನ ಸ್ಕೂಟರ್‌ನಲ್ಲಿ ಮುಂದೆ ನಿಂತು ಬರುತ್ತದೆ, ಹ್ಯಾಂಡಲ್ ಹಿಡಿದುಕೊಂಡು. ಅದಕ್ಕೂ ಕಾನೂನಿದೆ ಎಂದು ಈ ಲೇಖನಕ್ಕೆ ಓದುವಾಗಲೇ ನನಗೆ ತಿಳಿದದ್ದು. 2022ರಲ್ಲಿ ಪ್ರಕಟವಾಗಿ 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಸವಾರನಿಗೆ ಮಗುವನ್ನು ಜೋಡಿಸುವ ಸುರಕ್ಷಾ ಪಟ್ಟಿ ಹಾಕಬೇಕು, ಒಂಬತ್ತು ತಿಂಗಳು ಮೇಲ್ಪಟ್ಟ ಮಗುವಿಗೆ ಅಳತೆಯ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ನಮ್ಮ ಬೀದಿಯ ಒಂದು ಸ್ಕೂಟರ್‌ನಲ್ಲೂ ಆ ಪಟ್ಟಿಯನ್ನು ನಾನು ಕಂಡಿಲ್ಲ.

ಅವಳಿಗೆ ಹೇಳಿದೆ. "ಸ್ಕೂಟರ್‌ಗೂ ಬೆಲ್ಟ್ ಇದೆಯಾ ಅಕ್ಕ? ಎಲ್ಲಿ ಸಿಗುತ್ತೆ? ಎಷ್ಟು?" ಅಂತ ಕೇಳಿದಳು. ಎಲ್ಲಿ ಸಿಗುತ್ತದೆ ಎಂದು ಹೇಳಲು ನನಗೆ ತಕ್ಷಣ ಬರಲಿಲ್ಲ. ಪಕ್ಕದಲ್ಲೇ ಇರುವ ದೊಡ್ಡ ಬೇಬಿ ಶಾಪಿನಲ್ಲಿ ಹತ್ತು ಬಗೆಯ ಸ್ಟ್ರೋಲರ್ ಇದೆ, ಅವುಗಳನ್ನು ತೊಳೆಯುವ ಮೂರು ಬಗೆಯ ಸ್ಪ್ರೇ ಇದೆ. ಈ ಪಟ್ಟಿ ಕೇಳಿದರೆ ಅಂಗಡಿಯ ಹುಡುಗ "ಸ್ಟಾಕ್ ಇಲ್ಲ, ಯಾರೂ ಕೇಳಲ್ಲ" ಅಂದ.

ಯಾರೂ ಕೇಳಲ್ಲ ಅನ್ನುವುದೇ ಸಮಸ್ಯೆಯ ಬುಡ. ವಾಸನೆ ಮೂಗಿಗೆ ಬಡಿಯುತ್ತದೆ, ಕಲೆ ಕಣ್ಣಿಗೆ ಬೀಳುತ್ತದೆ, ಅವುಗಳಿಗೆ ಫೋನ್ ಮಾಡಿದರೆ ಮನೆ ಬಾಗಿಲಿಗೇ ಜನ ಬರುತ್ತಾರೆ. ಸಡಿಲವಾದ ಕೊಂಡಿಗೆ ವಾಸನೆ ಇಲ್ಲ. ಹಾಗಾಗಿ ಇವತ್ತು ಸಂಜೆ ನಿಮ್ಮ ಮನೆಯ ಸೀಟನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ನೋಡಿ. ಎರಡೂ ಬೆಲ್ಟು ಒಂದೇ ಎತ್ತರದ ಕಿಂಡಿಯಿಂದ ಬಂದಿವೆಯೇ, ಎರಡೂ ಕೊಂಡಿಗೆ ಸಿಕ್ಕಿವೆಯೇ ನೋಡಿ. ಮಗುವನ್ನು ಕೂರಿಸಿ ಬಿಗಿ ಮಾಡಿ, ಭುಜದ ಬಳಿ ಬೆಲ್ಟನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಚಿವುಟಲು ಸಿಕ್ಕಿದರೆ ಇನ್ನೂ ಸಡಿಲ ಇದೆ ಎಂದರ್ಥ. ಬಿಸ್ಕತ್ತಿನ ಚೂರು ನಾಳೆ ತೆಗೆದರೂ ನಡೆಯುತ್ತದೆ.