ಪ್ಲಾಸ್ಟಿಕ್ ಪಿಸ್ತೂಲಿನ ಗುರಿಯನ್ನು ನಂಬಬಹುದೇ?

ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲು ಎಂದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ಒಂದು, ಅದು ಮೆಟಲ್ ಡಿಟೆಕ್ಟರ್‌ಗೆ ಸಿಕ್ಕುವುದಿಲ್ಲ. ಇನ್ನೊಂದು, ಹಗುರವಾದ್ದರಿಂದ ಅದರ ಗುರಿ ಸರಿಯಿರುವುದಿಲ್ಲ.

ಮೊದಲನೆಯದನ್ನು ಬೇಗ ಮುಗಿಸೋಣ. 1990ರ ‘ಡೈ ಹಾರ್ಡ್ 2’ ಸಿನಿಮಾದಲ್ಲಿ ಪಿಂಗಾಣಿಯ ‘ಗ್ಲಾಕ್ 7’ ಎಂಬ ಪಿಸ್ತೂಲಿನ ಮಾತು ಬರುತ್ತದೆ. ಅಂಥ ಪಿಸ್ತೂಲೇ ಇಲ್ಲ! 1982ರಲ್ಲಿ ಆಸ್ಟ್ರಿಯಾದ ಸೇನೆ ಆರಿಸಿಕೊಂಡ ಗ್ಲಾಕ್ 17ರಲ್ಲಿ ಹಿಡಿಕೆಯೂ ಸೇರಿದ ಚೌಕಟ್ಟು ಪಾಲಿಮರ್. ನಳಿಕೆ ಮತ್ತು ಸ್ಲೈಡ್ ಉಕ್ಕು. ತೂಕದಲ್ಲಿ ಹೆಚ್ಚಿನ ಪಾಲು ಉಕ್ಕಿನದೇ.

ಎರಡನೆಯದು ಅಷ್ಟು ಸುಲಭವಲ್ಲ. ಗುಂಡಿನ ದಾರಿಯನ್ನು ನಿರ್ಧರಿಸುವುದು ನಳಿಕೆ. ನಾವು ಗುರಿ ಹಿಡಿಯಲು ನೋಡುವ ಎರಡೂ ಸೈಟ್‌ಗಳು ಇರುವುದು ಸ್ಲೈಡಿನ ಮೇಲೆ. ಪ್ರತಿ ಹೊಡೆತದ ನಂತರ ನಳಿಕೆಯು ಸ್ಲೈಡಿನೊಳಗೆ ಮತ್ತೆ ಅದೇ ಜಾಗದಲ್ಲಿ ಕೂತರೆ ಗುರಿ ಕೆಡುವುದಿಲ್ಲ. ಕೆಳಗಿನ ಪಾಲಿಮರ್ ಕೊಂಚ ಬಾಗಿದರೂ ಇವುಗಳ ನಂಟು ಬದಲಾಗದು.

ಹಾಗಾದರೆ ಒದೆತ? ಹಗುರ ಪಿಸ್ತೂಲು ಹೆಚ್ಚು ಒದೆಯುತ್ತದೆ ಎಂಬುದು ನಿಜ. ಆದರೆ ಗುಂಡು ನಳಿಕೆಯಿಂದ ಹೊರಬೀಳಲು ಬೇಕಾಗುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ. ಪಿಸ್ತೂಲಿನ ಮೂತಿ ಮೇಲೇಳುವುದು ಬಹುಪಾಲು ಆಮೇಲೆ. ಗುರಿ ಕೆಡಿಸುವುದು ಒದೆತಕ್ಕಿಂತ ಹೆಚ್ಚಾಗಿ, ಒದೆತ ಬರುತ್ತದೆಂದು ಮೊದಲೇ ಬೆದರಿ ಕೈ ಬಿಗಿಯುವುದು.

ತೂಕದ ನಿಜವಾದ ತೊಂದರೆ ಟ್ರಿಗರ್‌ನಲ್ಲಿದೆ. ಗ್ಲಾಕ್ 17ರ ಟ್ರಿಗರ್ ಎಳೆಯಲು ಸುಮಾರು 2.5 ಕಿಲೋ ಬಲ ಬೇಕು. ಗುಂಡು ತುಂಬಿದ ಪಿಸ್ತೂಲಿನ ತೂಕವೋ ಸುಮಾರು 900 ಗ್ರಾಂ. ಅಂದರೆ ಪಿಸ್ತೂಲಿನ ತೂಕದ ಎರಡೂವರೆ ಪಟ್ಟಿಗಿಂತ ಹೆಚ್ಚು ಬಲವನ್ನು ಒಂದೇ ಬೆರಳು ಹಾಕಬೇಕು, ಪಿಸ್ತೂಲು ಮಾತ್ರ ಅಲುಗಬಾರದು! ಅಲುಗಿದರೆ ಏನಾಗುತ್ತದೆ? ಎರಡು ಸೈಟ್‌ಗಳ ನಡುವಿನ ಅಂತರ ಸುಮಾರು 165 ಮಿ.ಮೀ. ಮುಂದಿನ ಸೈಟ್ ಬರೀ 1 ಮಿ.ಮೀ. ಪಕ್ಕಕ್ಕೆ ಸರಿದರೆ 25 ಮೀಟರ್ ದೂರದಲ್ಲಿ ಗುಂಡು ಸುಮಾರು 15 ಸೆಂ.ಮೀ. ಆಚೆ ಬೀಳುತ್ತದೆ. ಒಂದು ಕೆಜಿಗೂ ಹೆಚ್ಚು ತೂಗುವ ಹಳೆಯ ಉಕ್ಕಿನ ಕೋಲ್ಟ್ 1911 ಇಂಥ ಬೆರಳಿನ ತಪ್ಪನ್ನು ಸ್ವಲ್ಪ ಮನ್ನಿಸುತ್ತದೆ. ಅದರ ಟ್ರಿಗರ್ ಕೂಡ ಸಾಮಾನ್ಯವಾಗಿ ಹಗುರ. ಉಕ್ಕಿನದೇ ನಿಖರ ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು ಎಂದು ನಮಗನ್ನಿಸುತ್ತದೆ.

ಆದ್ದರಿಂದ ಪಿಸ್ತೂಲನ್ನು ಅಳೆಯಬೇಕಾದರೆ ಮೊದಲು ಕೈಯನ್ನು ಲೆಕ್ಕದಿಂದ ತೆಗೆಯಬೇಕು. ಮರಳುಚೀಲದ ಮೇಲೆ ಊರಿ, ಒಂದೇ ಬಗೆಯ ಗುಂಡು ಬಳಸಿ, ಒಂದೇ ದೂರದಿಂದ ಹೊಡೆದು ನೋಡಬೇಕು. ಮೂರು ಗುಂಡು ಒತ್ತಾಗಿ ಬಿದ್ದವೆಂದು ಹಿಗ್ಗುವುದು ಬೇಡ, ಅದು ಅದೃಷ್ಟವೂ ಇರಬಹುದು. ಹತ್ತು ಹತ್ತರಂತೆ ಕೆಲವು ಸಲ ಹೊಡೆದಾಗಲೇ ಚದುರುವಿಕೆ ತಿಳಿಯುವುದು. ಎಲ್ಲವೂ ಒತ್ತಾಗಿ, ಆದರೆ ಪಕ್ಕಕ್ಕೆ ಬಿದ್ದಿದ್ದರೆ ಸೈಟನ್ನೋ ಬೆರಳನ್ನೋ ಅನುಮಾನಿಸಬೇಕೇ ಹೊರತು ನಳಿಕೆಯನ್ನಲ್ಲ.

ಪಾಲಿಮರ್ ಮೇಲಿನ ಒಂದು ದೂರು ಮಾತ್ರ ಉಳಿಯುತ್ತದೆ. ಮಣಿಕಟ್ಟು ಸಡಿಲವಾಗಿದ್ದರೆ ಹಗುರ ಚೌಕಟ್ಟು ಸ್ಲೈಡಿನ ಜೊತೆಗೇ ಹಿಂದಕ್ಕೆ ಹೋಗುತ್ತದೆ. ಆಗ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಸಿಕ್ಕಿಹಾಕಿಕೊಳ್ಳಬಹುದು. ಅದೇ ಪಿಸ್ತೂಲನ್ನು ಗಟ್ಟಿಯಾಗಿ ಹಿಡಿದವರ ಕೈಯಲ್ಲಿ ಅದು ಸಲೀಸಾಗಿ ನಡೆಯುತ್ತದೆ.